ಗಟ್ಟಿ ಸ್ಪ್ರಿಂಗ್‌ನ ಕಾರಿನಲ್ಲಿ ಅಪ್ಪ

ನನ್ನ ಕಾರಿನ ಸ್ಪ್ರಿಂಗ್‌ಗಳನ್ನು ಗಟ್ಟಿ ಮಾಡಿಸಿದ್ದು ಅಪ್ಪನಿಗೆ ಬೆನ್ನುನೋವು ಶುರುವಾಗುವುದಕ್ಕೆ ಒಂದು ತಿಂಗಳು ಮೊದಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಪರವಾಗಿ ಹೇಳಿಕೊಳ್ಳಬಹುದಾದ ಮಾತು ಇದೊಂದೇ. ಆಮೇಲೆ ಮಾಡಿದ್ದನ್ನೆಲ್ಲ ತಿಳಿದೇ ಮಾಡಿದೆ.

ಎಂಬತ್ತರ ದಶಕದ ನಡುವಿನ ವರ್ಷಗಳು. ನನಗೆ ಇಪ್ಪತ್ತೆಂಟು. ಕೊಯಮತ್ತೂರಿನಲ್ಲಿ ಪಂಪಿನ ಶಾಫ್ಟ್ ಕಡೆಯುವ ಚಿಕ್ಕ ವರ್ಕ್‌ಶಾಪ್ ಇಟ್ಟಿದ್ದೆ, ಎರಡು ಲೇತ್. ಮನೆ ಕಾರಮಡೈನಲ್ಲಿ, ನೇಕಾರರ ಬೀದಿಯಲ್ಲಿ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪನಿಗೆ ಕನ್ನಡದ ಅಕ್ಷರ ಗೊತ್ತಿರಲಿಲ್ಲ. ಆಗ ನನಗೂ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಕೊಳ್ಳೇಗಾಲದ ಹೆಂಡತಿಯಿಂದ ಕಲಿತೆ. ಅಪ್ಪ ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು. ಬೆನ್ನುನೋವು ಎಂದರೆ ಆ ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಎಲ್ಲರ ಮನೆಯಲ್ಲೂ ಇತ್ತು.

ಕಾರು ಹಳೆಯದು. ಆಗ ನಮ್ಮ ರಸ್ತೆಗಳಲ್ಲಿ ಕಾಣುತ್ತಿದ್ದ ಎರಡು ಮೂರು ಬಗೆಯ ಕಾರುಗಳಲ್ಲಿ ಚಿಕ್ಕದು, ನಾಲ್ಕು ಬಾಗಿಲಿನದು. ವಾರದ ದಿನಗಳಲ್ಲಿ ಅದರಲ್ಲೇ ಶಾಫ್ಟ್‌ಗಳನ್ನು ಸಾಗಿಸುತ್ತಿದ್ದೆ. ಭಾನುವಾರ ಅದರಲ್ಲೇ ರ‍್ಯಾಲಿಯ ಅಭ್ಯಾಸ. ಊರಿನ ಮೋಟಾರು ಹುಚ್ಚಿನವರು ಸೇರಿ ವರ್ಷಕ್ಕೊಮ್ಮೆ ಒಂದು ಹಗಲಿನ ರ‍್ಯಾಲಿ ನಡೆಸುತ್ತಿದ್ದರು. ಮಿಲ್ಲಿನ ಯಜಮಾನರ ಮಕ್ಕಳು ಬರುತ್ತಿದ್ದರು, ನನ್ನಂಥ ಲೇತ್‌ನವರೂ ಬರುತ್ತಿದ್ದರು. ಪಕ್ಕದಲ್ಲಿ ಗಡಿಯಾರ ಮತ್ತು ನಕ್ಷೆ ಹಿಡಿದು ಕೂರುತ್ತಿದ್ದವನು ನನ್ನ ಕಾಲೇಜಿನ ಗೆಳೆಯ. ತಮಿಳಿನವನು, ಒಂದು ಮಿಲ್ಲಿನಲ್ಲಿ ಸೂಪರ್‌ವೈಸರ್. ಮೊದಲ ವರ್ಷ ರ‍್ಯಾಲಿ ಕಾರಮಡೈ ಮೇಲೆ ಹೋಯಿತು. ಅಪ್ಪ ಮಗ್ಗ ನಿಲ್ಲಿಸಿ, ಬಿಳಿ ಅಂಗಿ ಹಾಕಿಕೊಂಡು, ಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡು ಬಂದು ರಸ್ತೆಯ ಬದಿಯಲ್ಲಿ ನಿಂತಿದ್ದ. ನಾನು ಹಾದುಹೋಗಿದ್ದು ಎರಡು ಕ್ಷಣವೂ ಇರಲಾರದು. ಅವನು ಅದನ್ನು ತಿಂಗಳುಗಟ್ಟಲೆ ಹೇಳಿದ.

ಎರಡನೆಯ ವರ್ಷ ಆನೈಮಲೈ ಕಡೆಯ ತೆಂಗಿನ ತೋಟಗಳ ನಡುವಿನ ಮಣ್ಣಿನ ದಾರಿಯಲ್ಲಿ ಕಾರು ಒಂದು ಹಳ್ಳಕ್ಕೆ ಇಳಿದು ಕುಗ್ಗಿ, ಹೊಟ್ಟೆ ಕಲ್ಲಿಗೆ ತಗುಲಿ, ಎಂಜಿನ್ನಿನ ಎಣ್ಣೆಯೆಲ್ಲ ಸೋರಿಹೋಯಿತು. ಅಲ್ಲಿಗೇ ಮುಗಿಯಿತು. ಮೂರನೆಯ ವರ್ಷಕ್ಕೆ ಸ್ಪ್ರಿಂಗ್ ಬದಲಿಸುವುದೆಂದು ಹಟ ಹಿಡಿದೆ.

ಮೇಟ್ಟುಪಾಳಯಂ ರಸ್ತೆಯಲ್ಲಿ ಲಾರಿಗಳ ಪಟ್ಟೆ ಸ್ಪ್ರಿಂಗ್ ಕಾಯಿಸಿ ಬಾಗಿಸಿಕೊಡುವ ಒಬ್ಬ ವಯಸ್ಸಾದ ಕಮ್ಮಾರರು ಇದ್ದರು, ಎಲ್ಲರೂ ಆಸಾರಿ ಎನ್ನುತ್ತಿದ್ದರು. ಅವರ ಕುಲುಮೆಯ ಮುಂದೆ ಸದಾ ಒಂದೆರಡು ಲಾರಿ ನಿಂತಿರುತ್ತಿದ್ದವು. ಅವರು ನನ್ನ ಕಾರಿನ ಹಿಂಭಾಗವನ್ನು ಎರಡು ಕೈಯಿಂದ ಅದುಮಿ ಬಿಟ್ಟು, ಅದು ಎಷ್ಟು ಸಲ ಏರಿಳಿಯುತ್ತದೆ ಎಂದು ನೋಡಿದರು. ನಾವು ಮಾತಾಡಿದ್ದು ತಮಿಳಿನಲ್ಲಿ.

"ತಂಬಿ, ಇದರಲ್ಲಿ ಮನೆಯವರೂ ಕೂರ್ತಾರಾ?"

"ಕೂರ್ತಾರೆ, ಅಪರೂಪಕ್ಕೆ."

"ಹಾಗಾದ್ರೆ ಒಂದು ಪಟ್ಟೆ ಸಾಕು. ಎರಡು ಹಾಕಿದ್ರೆ ಖಾಲಿ ಗಾಡಿ ಕುದುರೆ ಹಾಗೆ ಕುಣಿಯುತ್ತೆ. ರೋಡಿಂದ ಬರೋ ಏಟನ್ನ ಯಾರಾದ್ರೂ ತಿನ್ನಲೇಬೇಕಲ್ಲ? ಸ್ಪ್ರಿಂಗ್ ತಿನ್ನದಿದ್ರೆ ಕೂತಿರೋರು ತಿಂತಾರೆ."

ನಾನು ಎರಡೇ ಬೇಕೆಂದೆ. ಹಿಂದಿನ ಎರಡೂ ಕಡೆ ಎರಡೆರಡು ಪಟ್ಟೆ ಸೇರಿಸಿದರು. ಮುಂದಕ್ಕೆ ಮದ್ರಾಸಿನಿಂದ ತರಿಸಿದ ದಪ್ಪ ಕಂಬಿಯ ಸುರುಳಿ ಸ್ಪ್ರಿಂಗ್, ಬಿಗಿಯಾದ ಶಾಕ್ ಅಬ್ಸಾರ್ಬರ್. ಹಳೆಯ ಮೆತ್ತನೆಯ ಸ್ಪ್ರಿಂಗ್‌ಗಳನ್ನು ಗೋಣಿಯಲ್ಲಿ ಸುತ್ತಿ ನನ್ನ ವರ್ಕ್‌ಶಾಪಿನ ಅಟ್ಟದ ಮೇಲಿಟ್ಟೆ. ಮುಂದಿನ ಎಡಗಡೆಯ ಸೀಟು ತೆಗೆಸಿ ಗೆಳೆಯನಿಗಾಗಿ ಆಳವಾದ, ಇಕ್ಕಟ್ಟಾದ ರ‍್ಯಾಲಿ ಸೀಟು ಕೂರಿಸಿದೆ.

ಕಾರು ನಾನು ಬಯಸಿದಂತೆಯೇ ಆಯಿತು. ತಿರುವಿನಲ್ಲಿ ವಾಲುತ್ತಿರಲಿಲ್ಲ. ಸ್ಟಿಯರಿಂಗ್ ಒಂದು ಬೆರಳಿನಷ್ಟು ತಿರುಗಿಸಿದರೆ ಅಷ್ಟೇ ತಿರುಗುತ್ತಿತ್ತು. ಆದರೆ ಟಾರಿನ ಮೇಲಿನ ಪ್ರತಿಯೊಂದು ತೇಪೆಯೂ ಸೀಟಿನಲ್ಲಿ ಗೊತ್ತಾಗುತ್ತಿತ್ತು. ನನಗೆ ಅದು ಹೆಮ್ಮೆ. ಡಬ್ಬಿಯಲ್ಲಿಟ್ಟ ಬೋಲ್ಟುಗಳು ಕಾರಮಡೈಯಿಂದ ಕೊಯಮತ್ತೂರಿನ ತನಕ ಗಿಲಿಗಿಲಿ ಎನ್ನುತ್ತಿದ್ದವು.

ಆಮೇಲೆ ಅಪ್ಪನ ಬೆನ್ನು. ಎಣ್ಣೆ ತಿಕ್ಕಿದರು, ಪಟ್ಟು ಹಾಕಿದರು. ಎರಡು ತಿಂಗಳಾದರೂ ಇಳಿಯಲಿಲ್ಲ. ಮಗ್ಗದ ಗುಂಡಿಯಿಂದ ಮೇಲೇಳಲು ಅಮ್ಮನ ಕೈ ಬೇಕಾದಾಗ ಕೊಯಮತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೇರೆಲ್ಲೋ ಶುರುವಾದ ಕ್ಯಾನ್ಸರ್ ಬೆನ್ನುಮೂಳೆಗೆ ಬಂದಿತ್ತು. ಡಾಕ್ಟರು ನನ್ನನ್ನು ಒಬ್ಬನನ್ನೇ ಒಳಗೆ ಕರೆದು, ಬದುಕಿಸುವ ಮಾತು ಬೇಡ, ನೋವು ಕಡಿಮೆ ಮಾಡಬಹುದು, ವಾರಕ್ಕೆ ಐದು ದಿನ ಬಂದು ಕರೆಂಟು ಇಡಿಸಿಕೊಳ್ಳಬೇಕು ಎಂದರು. ರೇಡಿಯೇಷನ್‌ಗೆ ನಮ್ಮ ಕಡೆ ಎಲ್ಲರೂ ಹಾಗೇ ಹೇಳುತ್ತಿದ್ದರು. ಆಸ್ಪತ್ರೆಯಲ್ಲೇ ಉಳಿಯಲು ಅಪ್ಪ ಒಪ್ಪಲಿಲ್ಲ.

"ಸಾಯೋದಾದ್ರೆ ಮನೇಲೇ ಸಾಯ್ತೀನಿ. ನಿನ್ ಕಾರ್ ಐತಲ್ಲ, ದಿನಾ ಕರ್ಕೊಂಡ್ ಹೋಗ್ ಬಾ" ಎಂದ.

ಮೊದಲ ದಿನ ಆಳವಾದ ಮುಂದಿನ ಸೀಟಿಗೆ ಅವನಿಂದ ಇಳಿಯಲಾಗಲಿಲ್ಲ. ಹಿಂದೆ ಕೂತ, ಪಕ್ಕದಲ್ಲಿ ಅಮ್ಮ. ಹಿಂದಿನ ಸೀಟು ನೇರವಾಗಿ ಹಿಂದಿನ ಚಕ್ರಗಳ ಮೇಲೇ ಇತ್ತು. ಅಮ್ಮ ಎರಡು ದಿಂಬು, ಒಂದು ಕೌದಿ ತಂದಿದ್ದಳು. ನಮ್ಮ ಬೀದಿಯಿಂದ ದೊಡ್ಡ ರಸ್ತೆಗೆ ಬರಬೇಕಾದರೆ ರೈಲ್ವೆ ಗೇಟು ದಾಟಬೇಕು. ನಡೆಯುವಷ್ಟು ನಿಧಾನಕ್ಕೆ ಹಳಿಯ ಮೇಲೆ ಕಾರು ಹತ್ತಿಸಿದೆ. ಆದರೂ ಹಿಂಭಾಗ ಎರಡು ಸಲ ನೆಗೆದು ಬಿತ್ತು. ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಅಂಥ ಸದ್ದನ್ನು ಅವನಿಂದ ನಾನು ಕೇಳಿರಲಿಲ್ಲ.

"ಮೆದುವಾ ಓಟ್ಟು ಕಣ್ಣು," ಎಂದಳು ಅಮ್ಮ. ನಿಧಾನಕ್ಕೆ ಓಡಿಸು ಮಗನೇ ಎಂದು; ಓಡಿಸುವುದಕ್ಕೆ, ನೋವಿಗೆ, ಮುದ್ದಿಗೆ ನಾವು ಮನೆಯಲ್ಲೂ ತಮಿಳಿನ ಮಾತನ್ನೇ ಆಡುತ್ತಿದ್ದೆವು. "ಅಪ್ಪಂಗೆ ವಲಿ ತಾಂಗಕ್ಕಾಗ್ತಿಲ್ಲ."

"ಪರವಾಯಿಲ್ಲೆ, ಪರವಾಯಿಲ್ಲೆ," ಎಂದ ಅಪ್ಪ. "ರೋಡ್ ಸರಿಯಿಲ್ಲ, ಅವ್ನೇನ್ ಮಾಡ್ತಾನೆ."

ತುಡಿಯಲೂರು ದಾಟುವ ತನಕ ಅವನು ಬಾಗಿಲ ಮೇಲಿನ ಹಿಡಿಯನ್ನು ಎರಡು ಕೈಯಿಂದ ಹಿಡಿದು, ಸೀಟಿನಿಂದ ಮೈಯನ್ನು ಒಂದಿಷ್ಟು ಎತ್ತಿಕೊಂಡೇ ಬಂದ. ಕನ್ನಡಿಯಲ್ಲಿ ಅವನ ತೋಳಿನ ನರಗಳು ಕಾಣುತ್ತಿದ್ದವು. ಮರುದಿನದಿಂದ ನಾನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ.

ಮೂರನೆಯ ದಿನ, ಅಪ್ಪ ಆಸ್ಪತ್ರೆಯಲ್ಲಿದ್ದ ಹೊತ್ತಿನಲ್ಲಿ, ಆಸಾರಿಯ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟರು.

"ನಾಳೆ ಬೆಳಿಗ್ಗೆ ಗಾಡಿ ಬಿಡು. ಸೇರಿಸಿದ ಪಟ್ಟೆ ತೆಗೀತೀನಿ, ಮುಂದೆ ನಿನ್ನ ಹಳೇ ಸ್ಪ್ರಿಂಗ್ ಹಾಕೋಣ. ಅರ್ಧ ದಿನದ ಕೆಲಸ. ಮಧ್ಯಾಹ್ನಕ್ಕೆ ತಗೊಂಡು ಹೋಗು."

ರ‍್ಯಾಲಿಗೆ ಇನ್ನು ಹದಿನೆಂಟು ದಿನ ಇತ್ತು. ಗೆಳೆಯ ಮತ್ತು ನಾನು ಐದು ಭಾನುವಾರ ಓಡಿಸಿ, ಕಾರು ಎಡಕ್ಕೆ ಎಳೆಯುವುದನ್ನು ಸರಿಪಡಿಸಿ, ಟೈರಿನ ಗಾಳಿ ಇಷ್ಟು, ಶಾಕ್ ಅಬ್ಸಾರ್ಬರ್ ಇಷ್ಟು ಎಂದು ಹೊಂದಿಸಿಕೊಂಡಿದ್ದೆವು. ಬಿಚ್ಚಿ ಮತ್ತೆ ಹಾಕಿದರೆ ಪಟ್ಟೆಗಳು ಹೊಸದಾಗಿ ಕೂರಬೇಕು, ಎಲ್ಲವನ್ನೂ ಮೊದಲಿನಿಂದ ನೋಡಬೇಕು. ಅಷ್ಟು ಭಾನುವಾರಗಳು ಉಳಿದಿರಲಿಲ್ಲ.

"ರ‍್ಯಾಲಿ ಮುಗಿದ ಮೇಲೆ ಮಾಡಿಸ್ತೀನಣ್ಣಾ," ಎಂದೆ.

ಅವರು ನನ್ನ ಮುಖ ನೋಡಿದರು. ಬೈಯಲಿಲ್ಲ. ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡು, "ಹಾಗಿದ್ರೆ ಡಿಕ್ಕಿಯಲ್ಲಿ ಎರಡು ಮೂಟೆ ಮರಳು ಹಾಕು. ಭಾರ ಬಿದ್ರೆ ಪಟ್ಟೆ ಸ್ವಲ್ಪ ಬಾಗುತ್ತೆ, ಏಟು ಕಡಿಮೆ ಆಗುತ್ತೆ. ಅವರನ್ನ ಕೂರಿಸಿದಾಗ ಮರಳು ಇಲ್ಲದೆ ಓಡಿಸಬೇಡ," ಎಂದರು.

ಮನೆಯಲ್ಲಿ ಅಮ್ಮ ಕೇಳಿದಳು, "ಈ ಗಾಡಿನ ಮೊದ್ಲಿನಂಗೆ ಮಾಡಕ್ಕಾಗಲ್ವಾ ಕಣ್ಣು?"

"ಸಾಮಾನು ಮದ್ರಾಸಿಂದ ಬರ್ಬೇಕಮ್ಮಾ. ಇಪ್ಪತ್ತು ದಿನ ಆಗ್ತದೆ. ಅಲ್ಲೀವರ್ಗೂ ಗಾಡಿ ಬಿಚ್ಚಿಟ್ರೆ ಅಪ್ಪನ್ನ ಹೆಂಗೆ ಕರ್ಕೊಂಡ್ ಹೋಗೋದು?"

ಸುಳ್ಳು ತಾನಾಗಿಯೇ ಬಂತು. ಯೋಚಿಸಿ ಹೇಳಿದ್ದೇನಲ್ಲ. ಅಮ್ಮ ತಲೆಯಾಡಿಸಿ, ಇನ್ನೊಂದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಯಲು ಕೂತಳು.

ಮರಳಿನ ಮೂಟೆಗಳಿಂದ ನಿಜಕ್ಕೂ ಉಪಯೋಗವಾಯಿತು. ಕುಣಿತ ನಿಂತು, ಕಾರು ಭಾರವಾಗಿ ಹೊರಳತೊಡಗಿತು. ರೈಲ್ವೆ ಗೇಟಿನಲ್ಲಿ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅಷ್ಟೇ. ಒಂದು ದಿನ ಗೇಟು ಹಾಕಿದ್ದಾಗ, ಗೂಡ್ಸ್ ಗಾಡಿ ಹೋಗುವ ತನಕ ಅವನು ನನ್ನನ್ನು ರ‍್ಯಾಲಿಯ ಬಗ್ಗೆ ಕೇಳಿದ. ಈ ಸಲ ಯಾವ ಕಡೆ, ಎಷ್ಟು ಗಾಡಿ, ನಮ್ಮ ಊರ ಮೇಲೆ ಬರುತ್ತದಾ. ಬರುವುದಿಲ್ಲ ಎಂದೆ. "ಬಂದಿದ್ರೆ ಚೇರ್ ಹಾಕ್ಕೊಂಡ್ ಕೂತ್ಕೊಂಡಿರ್ತಿದ್ದೆ," ಎಂದ.

ಭಾನುವಾರ ಅಭ್ಯಾಸಕ್ಕೆ ಮೂಟೆಗಳನ್ನು ವರ್ಕ್‌ಶಾಪಿನಲ್ಲಿ ಇಳಿಸುತ್ತಿದ್ದೆ. ಸಂಜೆ ಮತ್ತೆ ಹಾಕಿಕೊಂಡು ಮನೆಗೆ ಬರುತ್ತಿದ್ದೆ. ರ‍್ಯಾಲಿಗೆ ಮುಂಚಿನ ಕೊನೆಯ ಭಾನುವಾರ ಓಟ ಚೆನ್ನಾಗಿ ಆಯಿತು. ಗೆಳೆಯನ ಗಡಿಯಾರಕ್ಕೆ ಸರಿಯಾಗಿ, ಒಂದು ಕ್ಷಣವೂ ಆಚೀಚೆ ಆಗದೆ, ಮೂರು ಸಲ ಓಡಿಸಿದೆವು. ಆ ಖುಷಿಯಲ್ಲಿ ವರ್ಕ್‌ಶಾಪಿಗೆ ಹೋಗದೆ ನೇರ ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಅಪ್ಪನನ್ನು ಕೂರಿಸಿ, ಬೀದಿಯ ತಿರುವು ದಾಟುವಾಗ ಹಿಂಭಾಗ ಹಗುರಾಗಿ ಜಿಗಿಯಿತು. ಮರಳಿಲ್ಲ ಎಂದು ಆಗಲೇ ಗೊತ್ತಾಯಿತು. ನಿಲ್ಲಿಸಬಹುದಿತ್ತು. ಬೀದಿಯಲ್ಲೇ ಒಂದು ಮನೆ ಕಟ್ಟುತ್ತಿದ್ದರು, ಮರಳಿನ ರಾಶಿ ಅಲ್ಲೇ ಬಿದ್ದಿತ್ತು. ಗೋಣಿ ಹುಡುಕಿ, ತುಂಬಿ, ಕಟ್ಟಲು ಅರ್ಧ ಗಂಟೆ ಬೇಕು. ಆಸ್ಪತ್ರೆಯಲ್ಲಿ ನಮ್ಮ ಸರದಿ ಹತ್ತಕ್ಕೆ. ಒಂದು ದಿನ ತಾನೇ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ಚೆನ್ನಾಗಿ ನೆನಪಿದೆ.

ಹಳಿಯ ನಡುವೆ ಹಾಸಿದ್ದ ಕಲ್ಲು ಒಂದು ಕಡೆ ಕಿತ್ತುಹೋಗಿತ್ತು. ಹಿಂದಿನ ಬಲ ಚಕ್ರ ಅದಕ್ಕೆ ಇಳಿದು, ಪಟ್ಟೆ ಸ್ವಲ್ಪವೂ ಬಾಗದೆ, ಇಡೀ ಹಿಂಭಾಗವನ್ನು ಮೇಲಕ್ಕೆಸೆಯಿತು. ಅಪ್ಪ ಕೂಗಲಿಲ್ಲ. ಅದಕ್ಕೇ ನಾನು ಹಿಂದಿರುಗಿ ನೋಡಿದ್ದು. ಅವನ ಬಾಯಿ ತೆರೆದಿತ್ತು, ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಹಿಡಿಯಿಂದ ಎರಡೂ ಕೈ ಜಾರಿದ್ದವು.

"ಏನಾಯ್ತು ನೋಡು, ಏನಾಯ್ತು ನೋಡು," ಎಂದಳು ಅಮ್ಮ. ಗೇಟಿನ ಕೆಲಸದವನು ಹಳಿಯ ಮೇಲೆ ನಿಲ್ಲಬೇಡ ಎಂದು ತಮಿಳಿನಲ್ಲಿ ಕಿರುಚುತ್ತಿದ್ದ. ನಾನು ಕಾರು ಮುಂದಕ್ಕೆ ತೆಗೆದೆ.

ಪೆರಿಯನಾಯಕನ್ ಪಾಳಯಂ ಹತ್ತಿರ ಅಪ್ಪ ಬಾಯಿ ಬಿಟ್ಟ. "ಕಾಲು ಎಲ್ಲೈತೆ ಅಂತ ಗೊತ್ತಾಗ್ತಿಲ್ಲ," ಎಂದ. ಅಮ್ಮ ಅವನ ಪಾದ ಹಿಡಿದು ತಿಕ್ಕುತ್ತ, "ಇಲ್ಲೇ ಐತಲ್ಲ, ನನ್ ಕೈಯಲ್ಲೇ ಐತಲ್ಲ," ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಫೋಟೋ ತೆಗೆದರು. ರೋಗ ತಿಂದು ಟೊಳ್ಳಾಗಿದ್ದ ಒಂದು ಮೂಳೆ ಕುಸಿದು ನರವನ್ನು ಅದುಮಿತ್ತು. ಸೊಂಟದಿಂದ ಕೆಳಗೆ ಸ್ವಾಧೀನ ಇನ್ನು ಬರುವುದಿಲ್ಲ ಎಂದರು. ನಾನು ಡಾಕ್ಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ, ಕಾರು ಎತ್ತಿ ಹಾಕಿದ್ದರಿಂದಲಾ ಎಂದು.

"ಆಗಿರಬಹುದು. ಇವತ್ತು ಅಲ್ಲದಿದ್ರೆ ನಾಳೆ ಹಾಸಿಗೇಲಿ ಮಗ್ಗುಲು ತಿರುಗಿದಾಗಲೂ ಆಗಬಹುದಿತ್ತು. ಹೇಳಕ್ಕಾಗಲ್ಲ," ಎಂದು ಹೋದರು. ಎರಡು ಮಾತಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೋ ಇಂದಿಗೂ ನನಗೆ ತಿಳಿದಿಲ್ಲ.

ಗೆಳೆಯ ಅಂದೇ ಸಂಜೆ ಆಸ್ಪತ್ರೆಗೆ ಬಂದ. ಹೊರಗೆ ಬೇವಿನ ಮರದ ಕೆಳಗೆ ನಿಂತು, "ಈ ವರ್ಷ ಬೇಡ. ನಾನು ಹೋಗಿ ಹೆಸರು ತೆಗೆಸ್ತೀನಿ," ಎಂದ.

"ಬೇಡ. ಹೋಗೋಣ," ಎಂದೆ.

"ನಿನಗೇನು ತಲೆ ಸರಿಯಿದೆಯಾ?"

ಹೋಗದೆ ಇದ್ದರೆ ಅಪ್ಪನ ಕಾಲು ಯಾವುದಕ್ಕಾಗಿ ಹೋಯಿತು ಎಂಬಂಥ ಒಂದು ಕೆಟ್ಟ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಕೊನೆಗೆ ಅವನು ನನ್ನೊಡನೆ ರ‍್ಯಾಲಿಗೆ ಬಂದದ್ದು ನನ್ನ ಮೇಲಿನ ಕನಿಕರದಿಂದ ಎಂದು ಕಾಣುತ್ತದೆ.

ಆರು ದಿನದ ಮೇಲೆ, ಭಾನುವಾರ ಬೆಳಿಗ್ಗೆ, ನಾವು ಹೊರಟೆವು. ಆ ದಿನ ಓಡಿಸಿದ ಹಾಗೆ ನಾನು ಹಿಂದೆಂದೂ ಓಡಿಸಿರಲಿಲ್ಲ, ಮುಂದೆಯೂ ಓಡಿಸಲಿಲ್ಲ. ಪೊಳ್ಳಾಚಿ ದಾಟಿ ತೋಟದ ದಾರಿಗೆ ಇಳಿದಾಗ, ಹಿಂದಿನ ವರ್ಷ ನಮ್ಮನ್ನು ಮುಗಿಸಿದಂಥ ಹಳ್ಳಗಳು ಒಂದಾದ ಮೇಲೊಂದು ಬಂದವು. ಕಾರು ತಳ ತಗುಲಿಸಿಕೊಳ್ಳಲಿಲ್ಲ. ಬೆಟ್ಟದ ಬುಡದ ತಿರುವುಗಳಲ್ಲಿ ರಸ್ತೆಗೆ ಅಂಟಿಕೊಂಡು ಹೋಯಿತು. ಬೆನ್ನಿಗೆ ಒಂದೊಂದು ಏಟು ಬಿದ್ದಾಗಲೂ ಅಪ್ಪನ ನೆನಪು ಬರಬೇಕಿತ್ತು. ಬರಲಿಲ್ಲ. ನಾಲ್ಕೈದು ಗಂಟೆ ಅವನು ನನ್ನ ತಲೆಯಲ್ಲೇ ಇರಲಿಲ್ಲ. ನಾನು ಸಂತೋಷವಾಗಿದ್ದೆ. ಇದನ್ನು ಬರೆಯದೆ ಉಳಿದದ್ದನ್ನು ಬರೆದರೆ ಸುಳ್ಳಾಗುತ್ತದೆ.

ನಮಗೆ ಮೂರನೆಯ ಸ್ಥಾನ ಬಂತು. ಚಿಕ್ಕದೊಂದು ಕಪ್ ಕೊಟ್ಟರು. ಅದನ್ನು ಗೆಳೆಯನ ಕೈಗೇ ಕೊಟ್ಟು ಆಸ್ಪತ್ರೆಗೆ ಹೋದೆ. ಅಪ್ಪ ಎಚ್ಚರವಾಗಿದ್ದ.

"ಎಷ್ಟನೇದು?"

"ಮೂರನೇದು."

"ಗಾಡಿ ಚೆನ್ನಾಗಿ ಓಡ್ತಾ?"

"ಓಡ್ತಪ್ಪಾ."

ಅವನು ಪಕ್ಕದ ಮಂಚದವನ ಕಡೆ ತಿರುಗಿ ತಮಿಳಿನಲ್ಲಿ, ನನ್ನ ಮಗ, ಮೂರನೆಯವನಾಗಿ ಬಂದಿದ್ದಾನೆ ಎಂದು ಹೇಳಿದ. ಆ ಮನುಷ್ಯ ಜ್ವರದಲ್ಲಿದ್ದ, ಕೇಳಿಸಿಕೊಂಡನೋ ಇಲ್ಲವೋ. ಅಮ್ಮ ಮಂಚದ ಕಾಲಿನ ಹತ್ತಿರ ಕೂತು ಅಪ್ಪನ ಹಿಮ್ಮಡಿಗೆ ಪೌಡರು ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

ಮಾರನೆಯ ದಿನವೇ ಕಾರನ್ನು ಆಸಾರಿಗೆ ಬಿಟ್ಟೆ. ಅವರು ಹೇಳಿದ್ದಂತೆಯೇ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಪಟ್ಟೆಗಳನ್ನು ತೆಗೆದು ಗೋಡೆಗೆ ಒರಗಿಸಿ, "ಅಪ್ಪ ಹೇಗಿದ್ದಾರೆ?" ಎಂದು ಕೇಳಿದರು. ಹೇಳಿದೆ. ಅವರು ಕುಲುಮೆಯ ಹತ್ತಿರ ಹೋಗಿ, ನನಗೆ ಬೆನ್ನು ಮಾಡಿ, ತುಂಬ ಹೊತ್ತು ಇದ್ದಿಲು ಕೆದಕುತ್ತಿದ್ದರು. ಆಮೇಲೆ ನಾನು ಅವರ ಹತ್ತಿರ ಕೆಲಸ ಮಾಡಿಸಲು ಹೋಗಲಿಲ್ಲ. ಅವರೂ ಹೇಳಿಕಳಿಸಲಿಲ್ಲ.

ಮೆತ್ತಗಾದ ಕಾರಿನಲ್ಲಿ ಅಪ್ಪ ಒಂದು ಸಲವೂ ಕೂರಲಿಲ್ಲ. ಕೂರುವ ಸ್ಥಿತಿ ದಾಟಿಹೋಗಿತ್ತು. ಅವನನ್ನು ಮನೆಗೆ ತಂದದ್ದು ಬಾಡಿಗೆಯ ವ್ಯಾನಿನಲ್ಲಿ, ಹಾಸಿಗೆ ಹಾಸಿ. ಏಳು ವಾರ ಇದ್ದ. ಬೆನ್ನಿನಲ್ಲಿ ಹುಣ್ಣಾದವು. ಕೊನೆಯ ದಿನಗಳಲ್ಲಿ ಮಗ್ಗದ ಕೋಣೆಯ ಬಾಗಿಲು ತೆರೆದಿಡಲು ಹೇಳುತ್ತಿದ್ದ. ತೆರೆದಿಟ್ಟರೆ, ಅಲ್ಲಿ ಯಾರೂ ಕೂತಿಲ್ಲವಾ ಎಂದು ಕೇಳುತ್ತಿದ್ದ. ಒಂದು ಮಧ್ಯಾಹ್ನ ಅಮ್ಮ ಗಂಜಿ ತರಲು ಒಳಗೆ ಹೋದಾಗ ಹೋದ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಅಮ್ಮ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅಮ್ಮಾ, ಸಾಮಾನು ಮದ್ರಾಸಿಂದ ಬರ್ಬೇಕಾಗಿರ್ಲಿಲ್ಲ. ನನ್ ಹತ್ರಾನೇ ಇತ್ತು. ಅರ್ಧ ದಿನದ ಕೆಲ್ಸ. ರ‍್ಯಾಲಿ ಆಗ್ಲಿ ಅಂತ ಬಿಟ್ಟಿದ್ದೆ."

ಅವಳ ಕೈ ನಿಂತಿತು.

"ಅರ್ಧ ದಿನವಾ?"

"ಹೂಂ."

ಅವಳು ಕೆಳಗೆ ಬಿದ್ದಿದ್ದ ಬೀಜಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಮೊರ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಊಟಕ್ಕೆ ಕರೆದಳು. ಬಡಿಸಿದಳು, ಇನ್ನೊಂದು ಚೂರು ಹಾಕ್ಕೋ ಎಂದಳು. ಬೈದಿದ್ದರೆ, ಅತ್ತಿದ್ದರೆ, ನಾನೂ ಏನಾದರೂ ಹೇಳುತ್ತಿದ್ದೆನೇನೋ.

ರ‍್ಯಾಲಿ ಬಿಟ್ಟೆ ಎಂದು ಬರೆಯಲು ಆಸೆ. ಬಿಡಲಿಲ್ಲ. ಅದಕ್ಕೆಂದೇ ಇನ್ನೊಂದು ಹಳೆಯ ಕಾರು ತಂದು ಮತ್ತೆ ಎರಡು ವರ್ಷ ಓಡಿಸಿದೆ. ಬೇರೆ ಯಾರೋ ಗಡಿಯಾರ ಹಿಡಿದರು. ಆಮೇಲೆ ಮದುವೆ, ಹೆಚ್ಚಿದ ಕೆಲಸ, ತಾನಾಗಿಯೇ ನಿಂತಿತು. ಮನೆಯ ಕಾರು ಮನೆಯ ಕಾರಾಗಿಯೇ ಉಳಿಯಿತು. ಹೆಂಡತಿ ಕೂತಳು, ಮಕ್ಕಳು ಕೂತರು. ಅಮ್ಮ ಮಾತ್ರ ಕೂರಲಿಲ್ಲ. ಆಮೇಲೆ ತಂದ ಬೇರೆ ಕಾರುಗಳಲ್ಲೂ, ನಾನು ಓಡಿಸುವುದಾದರೆ, ಕೂರಲಿಲ್ಲ. ಕಾರಣ ಹೇಳುತ್ತಿರಲಿಲ್ಲ. ಗಾಳಿ ಬರಲ್ಲ, ತಲೆ ಸುತ್ತುತ್ತದೆ, ಬಸ್ಸಿನಲ್ಲಿ ಜೊತೆಯವರು ಸಿಗುತ್ತಾರೆ ಎನ್ನುತ್ತಿದ್ದಳು. ಉಳಿದೆಲ್ಲದರಲ್ಲೂ ನನ್ನೊಡನೆ ಮೊದಲಿನಂತೆಯೇ ಇದ್ದಳು. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು.

ಅವಳ ಕಣ್ಣಿನ ಆಪರೇಷನ್ ಆದ ವರ್ಷ, ಕಟ್ಟು ಬಿಚ್ಚಿಸುವ ದಿನ, ನಾನು ಕೆಲಸ ಬಿಟ್ಟು ಆಸ್ಪತ್ರೆಯ ಮುಂದೆ ಕಾರು ತಂದು ನಿಲ್ಲಿಸಿದೆ. ಅವಳು ನನ್ನ ಹೆಂಡತಿಯ ಕೈ ಹಿಡಿದು ಹೊರಗೆ ಬಂದಳು, ಕಪ್ಪು ಕನ್ನಡಕ ಹಾಕಿಕೊಂಡು. ಬಿಸಿಲು ಜೋರಾಗಿತ್ತು. ಹಿಂದಿನ ಬಾಗಿಲು ತೆಗೆದು ಹಿಡಿದೆ.

"ಬಾಮ್ಮಾ. ಮೆದುವಾನೇ ಓಟ್ತೀನಿ."

ಅವಳು ಕೈ ಚಾಚಿ ನನ್ನ ಕೆನ್ನೆ ಎಲ್ಲಿದೆ ಎಂದು ಹುಡುಕಿ, ತಟ್ಟಿದಳು.

"ನೀನ್ ಮುಂದೆ ಹೋಗು ಕಣ್ಣು. ನಾವ್ ಬಸ್ಸಲ್ಲಿ ಬರ್ತೀವಿ," ಎಂದು ಸೊಸೆಯನ್ನು ಎಳೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.